ಗಾಲಿಕುರ್ಚಿಯ ಸ್ಪೀಡು

ರೇಡಿಯೋ ರಿಪೇರಿ ಅಂಗಡಿಯವಳ ಮಗಳನ್ನು ಬೀದಿಯವರೆಲ್ಲ ಮೀಟರಕ್ಕ ಎಂದೇ ಕರೆಯುತ್ತಿದ್ದರು. ಕರೆಂಟು ಅಳೆಯುವ ಮೀಟರ್ ಹಿಡಿದು ನೋಡದೆ ಆಕೆ ಏನನ್ನೂ ನಂಬುವವಳಲ್ಲ. ತಾನು ಕೂರುವ ಗಾಲಿಕುರ್ಚಿಯನ್ನು ಮಾತ್ರ ನಾಲ್ಕು ವರ್ಷ ಕಣ್ಣುಮುಚ್ಚಿ ನಂಬಿದ್ದಳು, ಏಕೆಂದರೆ ಅದರ ವಯರಿಂಗ್ ಅಮ್ಮನದು. ಆ ಕುರ್ಚಿ ಆಮೆಯ ಜೊತೆ ಪಂದ್ಯ ಕಟ್ಟಿದರೂ ಸೋಲುತ್ತಿತ್ತು.

"ಮೋಟರು ಹಳೇದು, ಓಡೋದೇ ಅಷ್ಟು," ಎನ್ನುತ್ತಿದ್ದಳು ಅಮ್ಮ.

ಈಗ ದೊಡ್ಡ ರಸ್ತೆಯಾಚೆಯ ಸ್ಪೀಕರ್ ಕಾರ್ಖಾನೆಯಲ್ಲಿ ಮಗಳಿಗೆ ಕೆಲಸ ಸಿಕ್ಕಿತ್ತು. ರಸ್ತೆ ದಾಟಲು ಹಸಿರು ದೀಪ ಕೊಡುವುದು ಇಪ್ಪತ್ತು ಸೆಕೆಂಡು, ಕುರ್ಚಿಗೆ ಬೇಕಾದದ್ದು ಮೂವತ್ತು. ಸೋಮವಾರದೊಳಗೆ ಆ ಹತ್ತು ಸೆಕೆಂಡು ಹುಟ್ಟಿಸದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಅಮ್ಮ ಪೇಟೆಗೆ ಹೋದ ಹೊತ್ತು ನೋಡಿ ಮೀಟರಕ್ಕ ಸ್ಟೂಲಿಗೆ ಜರುಗಿ, ಕುರ್ಚಿಯ ಕೈಪಟ್ಟಿ ಬಿಚ್ಚಿದಳು. ಸ್ಪೀಡಿನ ಗುಂಡಿಯ ಕೆಳಗೆ ವೇಗ ಏರಿಸಿ ಇಳಿಸುವ ಪೊಟೆನ್ಶಿಯೋಮೀಟರ್, ಅದಕ್ಕೆ ವಯರು ಬೆಸೆಯುವ ಮೂರು ಕಾಲು. ವಯರು ಬಿಡಿಸಿ, ಮೀಟರಿನ ಕಡ್ಡಿಗಳನ್ನು ಹೊರಗಿನ ಎರಡು ಕಾಲಿಗೆ ಮುಟ್ಟಿಸಿದಳು. ಹತ್ತು ಸಾವಿರ ಓಮ್. ಗುಂಡಿ ತಿರುಗಿಸಿದರೂ ಅಂಕಿ ಅಲುಗಾಡಲಿಲ್ಲ. ಸರಿ, ಇವು ತುದಿಗಳು. ಒಂದು ಕಡ್ಡಿಯನ್ನು ನಡುವಿನ ಕಾಲಿಗೆ ತಂದು ತಿರುಗಿಸಿದಾಗ ಅಂಕಿ ಸೊನ್ನೆಯಿಂದ ಎಲ್ಲೂ ತಡವರಿಸದೆ ಏರಿತು. ಕಿಲುಬಿಲ್ಲ, ಬೆಸುಗೆ ಬಿಟ್ಟಿಲ್ಲ. ಆ ಬಡಪಾಯಿಯದೇನೂ ತಪ್ಪಿರಲಿಲ್ಲ.

ತುದಿಯ ಕಾಲಿಗೆ ಬರುವ ವಯರಿಗೆ ಕಪ್ಪು ಟೇಪು ಸುತ್ತಿತ್ತು. ಬಿಚ್ಚಿದರೆ ಒಳಗೊಂದು ಕರೆಂಟು ತಡೆಯುವ ರೆಸಿಸ್ಟರ್, ಅರ್ಧ ವೇಗವನ್ನು ನುಂಗಿ ನೀರು ಕುಡಿದು ಕೂತಿತ್ತು. ಬೆಸುಗೆ ಅಮ್ಮನದೇ, ಅಷ್ಟು ದುಂಡಗೆ ಬೇರೆ ಯಾರಿಗೂ ಬೆಸೆಯಲು ಬರುವುದಿಲ್ಲ. ಮೀಟರಕ್ಕನಿಗೆ ಮೈಯೆಲ್ಲ ಉರಿಯಿತು.

ಅಮ್ಮ ಬಂದಳು. ಮಗಳು ರೆಸಿಸ್ಟರ್ ತೋರಿಸಿದಳು. "ಇದು ಇಲ್ಲಿ ಯಾಕಮ್ಮ ಇದೆ?"

"ನಾನೇನೂ ಕಾಯಂ ಅಂತ ಹಾಕಿರ್ಲಿಲ್ಲ," ಎಂದಳು ಅಮ್ಮ. ಯಾರು ಹಾಕಿದ್ದು ಎಂದು ಮಗಳು ಇನ್ನೂ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಮತ್ತೆ ಯಾಕೆ ಹಾಕಿದೆ?"

"ಬೀಳ್ತೀಯ ಅಂತ ಭಯ," ಎಂದು ಅಮ್ಮ ಗೋಡೆ ನೋಡಿದಳು.

ಮಗಳು ರೆಸಿಸ್ಟರ್ ಕಿತ್ತು, ವಯರನ್ನು ನೇರ ಬೆಸೆದು, ಕುರ್ಚಿ ಏರಿ ಹೊರಟೇಬಿಟ್ಟಳು. ಎಂದಿನಂತೆ ಪಕ್ಕದಲ್ಲಿ ನಡೆಯಲು ಅಮ್ಮನೂ ಹೊರಟಳು. ದೊಡ್ಡ ರಸ್ತೆಯಲ್ಲಿ ಹಸಿರು ಬಿದ್ದದ್ದೇ ಕುರ್ಚಿ ಬಾಣದಂತೆ ದಾಟಿತು; ಇನ್ನೂ ಐದು ಸೆಕೆಂಡು ಬಾಕಿ. ಮಗಳು ಜಂಬದಿಂದ ಹಿಂತಿರುಗಿ ನೋಡಿದಳು.

ಅಮ್ಮ ನಡುರಸ್ತೆಯಲ್ಲಿದ್ದಳು. ಎಡಗಾಲನ್ನು ಎಳೆದೆಳೆದು ಹಾಕುತ್ತಿದ್ದಳು. ನಾಲ್ಕು ವರ್ಷ ಪಕ್ಕದಲ್ಲೇ ನಡೆದವಳ ಅವಸರದ ನಡಿಗೆಯನ್ನು ಮಗಳು ಎದುರಿನಿಂದ ಒಮ್ಮೆಯೂ ನೋಡಿರಲಿಲ್ಲ. ಸಿಟ್ಟೆಲ್ಲ ಇಳಿಯಿತು; ಆ ರೆಸಿಸ್ಟರ್ ಕುರ್ಚಿಯನ್ನು ಈ ಕಾಲಿನ ವೇಗಕ್ಕೆ ಇಳಿಸಿತ್ತು.

ದೀಪ ಕೆಂಪಾಯಿತು. ಮಗಳು ಕುರ್ಚಿಯನ್ನು ಮತ್ತೆ ರಸ್ತೆಗಿಳಿಸಿ, ಹಾರನ್ ಹೊಡೆಯುವವರಿಗೆಲ್ಲ ಕೈ ಅಡ್ಡ ಹಿಡಿದು, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಅಮ್ಮನ ಬಳಿಗೆ ಓಡಿದಳು.