ಸ್ಯಾವ್‌ನ ಸರದಿ

ಕೈಗಾಡಿಯ ಚಕ್ರ ಕಿರುಗುಟ್ಟುವುದು ಕೇಳಿಯೇ ಬರುತ್ತಿರುವವನು ಕ್ಲಾರಿ ಎಂದು ಗ್ಲೆನಿಸ್‌ಗೆ ಗೊತ್ತಾಯಿತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ಗೇಟಿನತ್ತ ನೋಡಿದಳು. ದಿನಾ ಗೊಬ್ಬರ ಹೊರುವ ಗಾಡಿಯಲ್ಲಿ ಇವತ್ತು ಕಂಬಳಿ ಹಾಸಿತ್ತು. ಅದರ ಮೇಲೆ ಹಳೇ ಡಬ್ಬಾ ಟೀವಿ, ಒಳಗೇ ಕಂಪ್ಯೂಟರ್ ಇರುವ ಹಳದಿಗಟ್ಟಿದ ಕೀಬೋರ್ಡು, ಮೌಸು, ಒಂದು ರಾಶಿ ವೈರು. ಮಲಗಿದ ಕೂಸು ಎದ್ದುಬಿಟ್ಟೀತು ಎನ್ನುವ ಹಾಗೆ ಕ್ಲಾರಿ ಮೆಲ್ಲಗೆ ತಳ್ಳಿಕೊಂಡು ಬರುತ್ತಿದ್ದ.

"ಕಸ ಸುರಿಯೋಕೆ ನಮ್ಮನೇನೇ ಬೇಕಿತ್ತಾ ನಿನಗೆ?"

"ಕಸ ಅನ್ಬೇಡ. ನಿನ್ನ ಗಂಡ ಭಾನುವಾರ ಭಾನುವಾರ ಚರ್ಚಿಗೆ ಚಕ್ಕರ್ ಹೊಡೀತಿದ್ದಿದ್ದು ಇದಕ್ಕೇನೇ."

"ಗೊತ್ತಿಲ್ವಾ ನನಗೆ? ಅದಕ್ಕೇ ಕಸ ಅಂದಿದ್ದು."

ಕ್ಲಾರಿಯೂ ಗ್ಲೆನಿಸ್‌ಳ ಗಂಡ ಸ್ಯಾವ್‌ನೂ ಪೋರ್ಟ್ ಪಿರಿ ಎಂಬ ಈ ಬಂದರೂರಿನ ಸೀಸದ ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ದುಡಿದವರು. ಸ್ಯಾವ್‌ನ ಅಜ್ಜ ಇಟಲಿಯಿಂದ ಇಲ್ಲಿಗೆ ಮೀನು ಹಿಡಿಯಲು ಬಂದವನು. ಮೊಮ್ಮಗನಿಗೋ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಅವನ ಹಡಗುಗಳೆಲ್ಲ ಓಡಿದ್ದು ಈ ಪರದೆಯ ಮೇಲೆಯೇ. ಆ ಕಂಪ್ಯೂಟರ್ ಆಟದ ಹೆಸರು 'ಸೆವೆನ್ ಹಾರ್ಬರ್ಸ್', ಅಂದರೆ ಏಳು ಬಂದರು. ಅಡಿಲೇಡಿನ ಒಂದು ಅಂಗಡಿಯಲ್ಲಿ, ಬಿಕರಿಯಾಗದ ಸಾಮಾನು ಗುಡ್ಡೆ ಹಾಕಿದ್ದ ಬುಟ್ಟಿಯಲ್ಲಿ ಸಿಕ್ಕಿದ್ದು. ಯಾವುದೋ ಪತ್ರಿಕೆ ಅದಕ್ಕೆ ಹತ್ತರಲ್ಲಿ ನಾಲ್ಕು ಅಂಕ ಕೊಟ್ಟು ಕೈತೊಳೆದುಕೊಂಡಿತ್ತು. ಊರಲ್ಲಿ ಬೇರೆ ಯಾರೂ ಅದನ್ನು ಆಡಿದ್ದಿಲ್ಲ. ಅದಕ್ಕೆ ಕಾರಣ ಲೋಕದ ದಡ್ಡತನ ಎಂದು ಇಬ್ಬರೂ ನಂಬಿದ್ದರು.

ಆಟ ಇಷ್ಟೇ: ಒಬ್ಬ ಕೂತು ತನ್ನ ಯಾವ ಹಡಗು ಯಾವ ಬಂದರಿಗೆ ಹೋಗಬೇಕೆಂದು ಗುಟ್ಟಾಗಿ ಅಪ್ಪಣೆ ಕೊಡಬೇಕು. ಆಮೇಲೆ ಇನ್ನೊಬ್ಬ ಕೂರಬೇಕು. ಇಬ್ಬರದೂ ಮುಗಿದ ಮೇಲೆ ಹಡಗುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಯಾರು ಯಾರನ್ನು ಎಲ್ಲಿ ಹಿಡಿದರು ಎನ್ನುವುದು ಆಗಲೇ ಗೊತ್ತಾಗುವುದು. ಒಬ್ಬ ಕೂತಾಗ ಇನ್ನೊಬ್ಬ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಮುಗಿಯಿತು ಎಂದರೆ ಮೇಜಿನ ಮೇಲೆ ಮಗ್ಗು ಕುಟ್ಟುವುದು. ಇಬ್ಬರೂ ಹೆಂಡತಿಯರಿಗೆ ಸುಳ್ಳು ಹೇಳಿದ್ದಾರೆ, ಮೇಸ್ತ್ರಿಗೂ ಹೇಳಿದ್ದಾರೆ. ಆದರೆ ಹಿಂಬಾಗಿಲ ಸಂದಿಯಿಂದ ಒಂದು ಸಲವೂ ಇಣುಕಿದವರಲ್ಲ. ಕ್ಲಾರಿಯ ಕಣ್ಣಿಗೆ ಪೊರೆ ಬಂದ ಮೇಲೆ ಆಟ ನಿಂತಿತ್ತು. ಈಗ ಅವನ ಕಣ್ಣು ನೆಟ್ಟಗಾಗಿತ್ತು, ಕೆಟ್ಟಿದ್ದು ಸ್ಯಾವ್.

ಚಳಿಗಾಲಕ್ಕೆ ಮುಂಚೆ ಸ್ಯಾವ್‌ಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಒಂದು ಶಬ್ದದ ಹೊರತು. ದೇವರು ಉಳಿಸಿಕೊಟ್ಟಿದ್ದಾದರೂ ಎಂಥದ್ದು ಅಂತೀರಿ? "ಥತ್ತೇರಿ." ಆಸ್ಪತ್ರೆಯಿಂದ ಬಂದ ಹೆಂಗಸು ಇವತ್ತು ಯಾವ ವಾರ ಎಂದು ಕೇಳಿದಳು. "ಥತ್ತೇರಿ" ಎಂದ. ಗ್ಲೆನಿಸ್‌ಳನ್ನು ತೋರಿಸಿ ಇವರು ಯಾರು ಎಂದಳು. ಅದಕ್ಕೂ ಅದೇ. ಗ್ಲೆನಿಸ್ ಆಗ ನಕ್ಕಳು. ಆ ಹೆಂಗಸು ಹೋದ ಮೇಲೆ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು.

ಸಮುದ್ರದ ಕಡೆಯ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ಬೇಕೋ ಬೇಡವೋ ಸೋಮವಾರ ಫೋನು ಮಾಡಿ ಹೇಳಬೇಕು. ಅವನನ್ನು ಎತ್ತಿ ಕೂರಿಸಿ ಗ್ಲೆನಿಸ್‌ಳ ಸೊಂಟ ಬಿದ್ದುಹೋಗಿತ್ತು. ಆದರೆ ಅವಳನ್ನು ಕೊರೆಯುತ್ತಿದ್ದುದು ಸೊಂಟವಲ್ಲ. ಆ ಮನುಷ್ಯ ಒಳಗೆ ಇದ್ದಾನೋ ಇಲ್ಲವೋ ಎನ್ನುವುದು. ಇಲ್ಲವೆಂದರೆ ಅವನಿಗೆ ಅಲ್ಲಾದರೇನು, ಇಲ್ಲಾದರೇನು. ಇದ್ದರೆ? ಅಲ್ಲಿಂದ ಮುಂದೆ ಅವಳ ಯೋಚನೆ ಹೋಗುತ್ತಿರಲಿಲ್ಲ. ಹಿತ್ತಲ ಎರಡು ಮೆಟ್ಟಿಲಿಗೆ ಗಾಲಿಕುರ್ಚಿ ಇಳಿಯುವಂತೆ ಹಲಗೆ ಹಾಕಿಕೊಡುತ್ತೇನೆಂದು ಕ್ಲಾರಿ ಬಂದಾಗಲೆಲ್ಲ ಹೇಳುತ್ತಿದ್ದ. ಒಳ್ಳೆ ಹಲಗೆಯೊಂದನ್ನು ಎತ್ತಿಟ್ಟೂ ಇದ್ದ. "ನೋಡೋಣ ಇರು" ಎಂದೇ ಅವಳು ದಿನ ತಳ್ಳಿದ್ದಳು. ಹಾಗಾಗಿ ಆಸ್ಪತ್ರೆಯಿಂದ ಬಂದಂದಿನಿಂದ ಸ್ಯಾವ್ ಹಿತ್ತಲು ಕಂಡಿರಲಿಲ್ಲ.

ಕ್ಲಾರಿ ಅಡುಗೆಮನೆಯ ಮೇಜಿನ ಮೇಲೆ ಎಲ್ಲ ಜೋಡಿಸಿದ. ಡಿಸ್ಕು ಕರಕರ ಎಂದು ಸದ್ದು ಮಾಡಿ, ನಿಂತು, ಮತ್ತೆ ಕರಕರ ಎಂದಿತು. ಪರದೆಯ ಮೇಲೆ ನೀಲಿ ಸಮುದ್ರ ಮೂಡಿತು. ಗಾಲಿಕುರ್ಚಿಯಲ್ಲಿದ್ದ ಸ್ಯಾವ್ ನೋಡುತ್ತಿದ್ದ. ಕಿಟಕಿಯನ್ನೂ ಅವನು ಹಾಗೆಯೇ ನೋಡುತ್ತಿದ್ದುದರಿಂದ ಗ್ಲೆನಿಸ್ ಅದಕ್ಕೆ ಅರ್ಥ ಕಟ್ಟಲು ಹೋಗಲಿಲ್ಲ.

"ಮೊದಲು ನನ್ನ ಸರದಿ. ನಿನ್ನನ್ನ ಆಚೆ ಕಳಿಸೋ ಹಾಗಿಲ್ವಲ್ಲ ಮಾರಾಯ, ಏನ್ ಮಾಡ್ಲಿ?" ಎಂದು ಕ್ಲಾರಿ ಪಾತ್ರೆ ಒರೆಸುವ ಬಟ್ಟೆ ತೆಗೆದು ಸ್ಯಾವ್‌ನ ತಲೆಯ ಮೇಲೆ ಹೊದಿಸಿಬಿಟ್ಟ.

ಬಟ್ಟೆಯ ಒಳಗಿಂದ "ಥತ್ತೇರಿ" ಎಂದು ಕೇಳಿಸಿತು.

"ತೆಗಿಯೋ ಅದನ್ನ! ಈರುಳ್ಳಿ ಕೈ ಒರೆಸಿದ್ದೀನಿ ಅದಕ್ಕೆ," ಎಂದಳು ಗ್ಲೆನಿಸ್.

ಕ್ಲಾರಿ ಬೇಗ ಬೇಗ ತನ್ನ ಅಪ್ಪಣೆ ಮುಗಿಸಿ ಬಟ್ಟೆ ತೆಗೆದ. ಮೌಸನ್ನು ಎಡಗಡೆಗೆ ಸರಿಸಿ, ಸ್ಯಾವ್‌ನ ಕೈಯನ್ನು ಅದರ ಮೇಲಿಟ್ಟು, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ. "ಹ್ಞೂಂ, ನಾನಿದ್ದೀನಿ. ನಿಧಾನಕ್ಕೆ. ಈ ಹಡಗು ಎಲ್ಲಿಗೆ ಹೋಗ್ಲಿ, ತೋರಿಸು." ಗ್ಲೆನಿಸ್ ಒಲೆಗೆ ಒರಗಿ ಕೈಕಟ್ಟಿ ನಿಂತಳು.

ಸ್ಯಾವ್ ಮೌಸು ಮುಟ್ಟಲಿಲ್ಲ. ಕೈ ಎತ್ತಿ ಹಿಂಬಾಗಿಲ ಕಡೆ ತೋರಿಸಿ "ಥತ್ತೇರಿ" ಎಂದ.

"ಬಚ್ಚಲಿಗೆ ಅಂತ ಕಾಣುತ್ತೆ," ಎಂದು ಗ್ಲೆನಿಸ್ ಕುರ್ಚಿ ತಿರುಗಿಸಿ ಕರೆದುಕೊಂಡು ಹೋದಳು. ಬಚ್ಚಲಲ್ಲಿ ಏನೂ ಆಗಲಿಲ್ಲ, ಬೈಗುಳದ ಹೊರತು. ವಾಪಸು ತಂದು ನಿಲ್ಲಿಸಿದರೆ ಮತ್ತೆ ಅದೇ ಕೈ, ಅದೇ ಬಾಗಿಲು. ಚಳಿಯಾಗುತ್ತಿದೆಯೇನೋ ಎಂದು ಕ್ಲಾರಿ ಬಾಗಿಲು ಹಾಕಿದ. ಸ್ಯಾವ್‌ನ ಮುಖ ಕೆಂಪೇರಿತು.

"ಸಾಕು ಕ್ಲಾರಿ. ಅವನಿಗೆ ಸುಮ್ನೆ ಹಿಂಸೆ. ತೆಗೆದಿಡು." ಗ್ಲೆನಿಸ್ ಟೀವಿಗೆ ಬೆನ್ನು ಹಾಕಿದಳು. ಈ ಹಾಳು ಡಬ್ಬದ ಮೇಲೆ ತಾನು ಇಷ್ಟು ಆಸೆ ಇಟ್ಟುಕೊಂಡಿದ್ದೆ ಎಂದು ಅವಳಿಗೇ ನಾಚಿಕೆಯಾಯಿತು.

ಕ್ಲಾರಿ ಎದ್ದು ಪ್ಲಗ್ಗಿಗೆ ಕೈ ಹಾಕಿದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಟೋಪಿಯನ್ನು ಸ್ಯಾವ್ ಎಡಗೈಯಲ್ಲಿ ಬಾಚಿಕೊಂಡು ಹಿಂಬಾಗಿಲಿಗೆ ಎಸೆದ. ಟೋಪಿ ಬಾಗಿಲಿಗೆ ಬಡಿದು ಕೆಳಗೆ ಬಿತ್ತು. ಕ್ಲಾರಿ ಟೋಪಿ ನೋಡಿದ, ಸ್ಯಾವ್‌ನನ್ನು ನೋಡಿದ, ಆಮೇಲೆ ತಾನು ಕೂತಿದ್ದ ಕುರ್ಚಿ ನೋಡಿದ.

"ಅಯ್ಯೋ ನನ್ನ ಬುದ್ಧಿಗಿಷ್ಟು! ಇವನ ಸರದಿ ಕಣೇ ಇದು. ನಾನು ಇಲ್ಲೇ ಕೂತ್ಕೊಂಡು ನೋಡ್ತಾ ಇದ್ದೀನಿ. ನಡಿ, ನಡಿ ಆಚೆಗೆ, ನೀನೂ ನಡಿ."

"ನಾನ್ಯಾಕೆ?"

"ನೀನು ಯಾರ ಕಡೆಯೋ ಯಾರಿಗ್ಗೊತ್ತು?"

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಗಾಳಿಗೆ ಹಗ್ಗದ ಮೇಲಿನ ಚಾದರ ಉಬ್ಬುತ್ತಿತ್ತು. ಆಚೆಗೆ ಕಾರ್ಖಾನೆಯ ದೊಡ್ಡ ಕೊಳವೆಯಿಂದ ಹೊಗೆ ಒಂದೇ ಕಡೆಗೆ ಹೋಗುತ್ತಿತ್ತು. ಕ್ಲಾರಿ ಟೋಪಿಯ ಧೂಳು ಒರೆಸುತ್ತ ಕೂತ. ಒಳಗೆ ಏನೂ ಸದ್ದಿಲ್ಲ.

"ಸೋಮವಾರ ಅವರಿಗೆ ಹೇಳ್ಬೇಕು," ಎಂದಳು ಗ್ಲೆನಿಸ್.

"ಗೊತ್ತು."

"ಬೀಳ್ತಾನೇನೋ. ಒಂದ್ಸಲ ನೋಡ್ಕೊಂಡು ಬರ್ಲಾ?"

"ಬೇಡ. ನೋಡಿದ್ರೆ ಆಟ ಕೆಟ್ಟಂಗೆ."

ಅವಳು ಎದ್ದಳು, ಮತ್ತೆ ಕೂತಳು. ಒಣಗಿದ ಚಾದರ ತಂದು ಮಡಿಚಿದಳು. ಮಡಿಚಿದ್ದನ್ನು ಬಿಡಿಸಿ ಇನ್ನೊಮ್ಮೆ ಮಡಿಚಿದಳು. ಆಗ ಒಳಗೆ ಮೇಜಿನ ಮೇಲೆ ಮಗ್ಗು ಕುಟ್ಟಿದ ಸದ್ದಾಯಿತು. ಒಂದು ಸಲ. ಸ್ವಲ್ಪ ತಡೆದು, ಇನ್ನೊಂದು ಸಲ, ಜೋರಾಗಿ.

ಗ್ಲೆನಿಸ್ ಚಾದರಕ್ಕೆ ಮುಖ ಒತ್ತಿಕೊಂಡಳು. ಕ್ಲಾರಿ ಅವಳನ್ನು ಹಾಗೇ ಬಿಟ್ಟು ಒಳಗೆ ಹೋದ.

ಅವಳು ಒಳಗೆ ಬರುವಾಗ ಪರದೆಯ ಮೇಲೆ ಹಡಗುಗಳು ಹೊರಟಿದ್ದವು. ಕ್ಲಾರಿಯ ಗೋಧಿ ಹಡಗು ಒಂಟಿಯಾಗಿ ಬಂದರು ಬಿಟ್ಟು ಹೊರಬಂತು. ಹೊರಗೆ ಅದಕ್ಕಾಗಿಯೇ ಕಾದಿದ್ದವು ಸ್ಯಾವ್‌ನ ಹಡಗುಗಳೆಲ್ಲ.

"ಕಳ್ಳ! ಪಾಪ, ಹುಷಾರಿಲ್ಲ ಅಂತ ಕಾವಲಿಲ್ಲದೆ ಬಿಟ್ಟಿದ್ದೆ ಕಣೋ ಅದನ್ನ!"

ಸ್ಯಾವ್‌ನ ತುಟಿಯ ಎಡಭಾಗ ಮೇಲಕ್ಕೆದ್ದಿತು. ಬಲಭಾಗಕ್ಕೆ ಆಗದ್ದನ್ನೂ ಅದೇ ಮಾಡಿತು.

ಈಗ ಮತ್ತೆ ಕ್ಲಾರಿಯ ಸರದಿ. ಅವನು ಬಟ್ಟೆಗೆ ಕೈಚಾಚಿದರೆ ಸ್ಯಾವ್ ಅದನ್ನು ಕಸಿದು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. ಬಾಗಿಲು ತೋರಿಸಿದ. ಈ ಸಲ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಗಾಲಿಕುರ್ಚಿಯನ್ನು ಒಬ್ಬರು ಹಿಂದೆ ಹಿಡಿದು, ಒಬ್ಬರು ಮುಂದೆ ಹಿಡಿದು, ಧಡ್ ಧಡ್ ಎಂದು ಎರಡು ಮೆಟ್ಟಿಲು ಇಳಿಸುವಷ್ಟರಲ್ಲಿ ಮೂವರೂ ಬೈದಿದ್ದರು. ಕ್ಲಾರಿ ಒಳಗೆ ಹೋದ. ಸ್ಯಾವ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹಗ್ಗದ ಮೇಲಿನ ತನ್ನ ಅಂಗಿಗಳನ್ನು ನೋಡಿದ.

ಮಗ್ಗಿನ ಸದ್ದು ಬೇಗ ಬಂತು. ಬಟ್ಟೆಯ ಬುಟ್ಟಿ ಬೋರಲು ಹಾಕಿ ಸ್ಯಾವ್‌ನ ಪಕ್ಕ ಕೂತಿದ್ದ ಗ್ಲೆನಿಸ್ ಏಳಲಿಲ್ಲ.

"ಕ್ಲಾರೀ, ಆ ಹಲಗೆ ಇನ್ನೂ ಇದೆಯೇನೋ?"

ನೊಣ ಬಾರದಂತೆ ಹಾಕಿದ್ದ ಜಾಲರಿ ಬಾಗಿಲ ಹಿಂದೆ ಅವನ ಮುಖ ಕಾಣಿಸಿಕೊಂಡಿತು. "ಇದೆ. ಯಾಕೆ?"

"ತಗೊಂಡು ಬಾ. ದಿನಾ ಇವನನ್ನ ಎತ್ತಿಳಿಸೋಕೆ ನನ್ನ ಕೈಲಾಗಲ್ಲ."

"ಈಗಲೇನಾ? ಆಟ?"

"ಆಟ ಎಲ್ಲಿಗೆ ಹೋಗುತ್ತೆ?"

ಕ್ಲಾರಿ ಟೋಪಿ ಹಾಕಿಕೊಂಡು ಹೊರಟ. ಖಾಲಿ ಕೈಗಾಡಿ ಕಿರುಗುಟ್ಟುತ್ತ ಓಣಿಯಲ್ಲಿ ದೂರವಾಯಿತು.

ಅಡುಗೆಮನೆಯ ಕಿಟಕಿ ತೆರೆದಿತ್ತು. ಗ್ಲೆನಿಸ್‌ಗೆ ಕೂತಲ್ಲಿಂದಲೇ ಪರದೆ, ನೀಲಿ ಸಮುದ್ರ, ಕ್ಲಾರಿ ಅಳಿಸದೆ ಬಿಟ್ಟುಹೋದ ಅಪ್ಪಣೆಗಳು ಎಲ್ಲ ಕಾಣುತ್ತಿದ್ದವು. ಕತ್ತು ಇಷ್ಟು ಹೊರಳಿಸಿದರೆ ಸ್ಯಾವ್‌ಗೂ ಕಾಣುತ್ತಿತ್ತು. ಅವನು ಹೊರಳಿಸಲಿಲ್ಲ. ಎಡಗೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಗಾಳಿಗೆ ಆಡುವ ಅಂಗಿಗಳನ್ನು ನೋಡುತ್ತ ಕೂತಿದ್ದ.