ಹಳೆಯ ಸೀಸೆಯ ಯೀಸ್ಟ್

ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಪಿಎಚ್.ಡಿ. ಮಾಡಲು ಬಂದ ಚಿತ್ರದುರ್ಗದ ತುಂಗಾಳಿಗೆ, ತನ್ನ ಗೈಡ್ ಕೃಷ್ಣರಾಜರು ಪಕ್ಕದ ದಾವಣಗೆರೆಯವರು ಎಂದು ತಿಳಿದಾಗ ಅರ್ಧ ಭಯ ಇಳಿದುಹೋಗಿತ್ತು. ಅವರ ಹೆಂಡತಿ ಗಿರಿಜಾ ಭಾನುವಾರಗಳಲ್ಲಿ ಅವಳನ್ನು ಊರಂಚಿನ ಬೋಪಾಲ್ ಬಡಾವಣೆಯ ತಮ್ಮ ಮನೆಗೆ ಕರೆಸಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಅಪ್ಪನಿಗೆ ಫೋನ್ ಮಾಡಿದಾಗಲೆಲ್ಲ ತುಂಗಾ ಸರ್ ಅವರ ಗುಣಗಾನವನ್ನೇ ಮಾಡುತ್ತಿದ್ದಳು.

ಕೃಷ್ಣರಾಜರು ಇಪ್ಪತ್ತು ವರ್ಷ ಒಂದೇ ತಳಿಯ ಯೀಸ್ಟ್ ಹಿಡಿದುಕೊಂಡು ಹೆಸರು ಮಾಡಿದವರು. ಯೀಸ್ಟಿನ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಕ್ಕೆ ತನ್ನದೇ ಡಿಎನ್ಎ ಇರುತ್ತದೆ. ಅದರಲ್ಲಿ ಒಂದೇ ಥರದ ಚಿಕ್ಕ ತುಣುಕುಗಳು ಅಲ್ಲಲ್ಲಿ ಮತ್ತೆ ಮತ್ತೆ ಬರುತ್ತವೆ. ಹಳೆಯ ಯಂತ್ರ ಡಿಎನ್ಎಯನ್ನು ಚೂರು ಚೂರಾಗಿ ಓದುತ್ತಿದ್ದುದರಿಂದ ಯಾವ ತುಣುಕು ಯಾವ ಜಾಗದ್ದೆಂದು ತಿಳಿಯುತ್ತಿರಲಿಲ್ಲ. ಉದ್ದಕ್ಕೆ ಓದುವ ಹೊಸ ಯಂತ್ರ ಬಂದಾಗ ತುಂಗಾ ತಮ್ಮ ತಳಿಯನ್ನು ಅದರಲ್ಲಿ ಓದಿಸಿದಳು. ಎರಡು ತುಣುಕುಗಳು ಒಂದರೊಡನೊಂದು ಕೂಡಿಕೊಂಡು ನಡುವಿನ ಭಾಗವೇ ಕಳಚಿಹೋಗಿತ್ತು. ಸರ್ ಬರೆದ ಅಷ್ಟೂ ಪ್ರಬಂಧಗಳು ನಿಂತಿದ್ದುದು ಆ ಭಾಗ ಇದೆಯೆಂಬ ನಂಬಿಕೆಯ ಮೇಲೆ.

ತಪ್ಪು ತನ್ನ ಕೈಯದೇ ಇರಬೇಕೆಂದು ಅವಳು ಮೊದಲು ಹೆದರಿದಳು. ಫ್ರೀಜರಿನ ತಳದಲ್ಲಿ, ಅವಳು ಬರುವುದಕ್ಕೆ ಬಹಳ ಮೊದಲೇ ಇಟ್ಟಿದ್ದ ಅದೇ ತಳಿಯ ಸೀಸೆಯೊಂದನ್ನು ತೆಗೆದು ಪರೀಕ್ಷಿಸಿದಳು. ಅದರಲ್ಲೂ ಆ ಭಾಗ ಇರಲಿಲ್ಲ.

ವಿಷಯ ತಿಳಿಸಿದಾಗ ಕೃಷ್ಣರಾಜರು ಕೋಪ ಮಾಡಿಕೊಳ್ಳಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದೀಯ, ಪತ್ರಿಕೆಗೆ ತಿದ್ದುಪಡಿ ನಾನೇ ಬರೆಯುತ್ತೇನೆ ಎಂದರು. ಅಂದು ತುಂಗಾಳಿಗೆ ಅವರ ಮೇಲಿನ ಗೌರವ ಇಮ್ಮಡಿಯಾಯಿತು.

ತಿದ್ದುಪಡಿ ಅಚ್ಚಾದ ಮೇಲೆ ಓದಿದಳು. ಪ್ರಯೋಗಾಲಯದಲ್ಲಿ ಇತ್ತೀಚೆಗೆ, ಸಂಶೋಧನಾ ವಿದ್ಯಾರ್ಥಿಯೊಬ್ಬರು ತಳಿಯನ್ನು ನಿರ್ವಹಿಸುವಾಗ ಅದು ಬೇರೊಂದು ತಳಿಯೊಡನೆ ಅದಲುಬದಲಾಗಿದೆ, ಹಿಂದಿನ ಪ್ರಬಂಧಗಳಿಗೆ ಬಾಧೆಯಿಲ್ಲ ಎಂದಿತ್ತು. ಬರೆದವರ ಸಾಲಿನಲ್ಲಿ ಕೃಷ್ಣರಾಜರ ಪಕ್ಕದಲ್ಲಿ ಅವಳ ಹೆಸರೂ ಇತ್ತು. ಫ್ರೀಜರಿನತ್ತ ಓಡಿದಳು. ಹಳೆಯ ಸೀಸೆಗಳ ಪೆಟ್ಟಿಗೆ ಅಲ್ಲಿರಲಿಲ್ಲ. ಗೊಂದಲ ಬೇಡವೆಂದು ಎಲ್ಲವನ್ನೂ ಯೀಸ್ಟ್ ಸಾಯುವಂತೆ ಬೇಯಿಸಿ ಎಸೆಯಲು ಸರ್ ಹೇಳಿದ್ದರಂತೆ.

ಅವಳು ನೇರವಾಗಿ ಅವರ ಕೋಣೆಗೆ ಹೋದಳು.

“ಸರ್, ಹಳೇ ಸೀಸೆದು ನಿಮಗೆ ಗೊತ್ತಿತ್ತಲ್ಲ.”

“ಗೊತ್ತಿತ್ತು,” ಎಂದರು ಅವರು, ಕನ್ನಡಕ ಒರೆಸುತ್ತ. “ನಂಗೆ ಇನ್ನು ಮೂರು ವರ್ಷ ಸರ್ವೀಸ್ ಇದೆ ಕಣಮ್ಮ. ನಿಂಗಿನ್ನೂ ವಯಸ್ಸಿದೆ, ಜನ ಮರೀತಾರೆ. ನನ್ನದಾದ್ರೆ ಯಾರೂ ಮರೆಯಲ್ಲ.”

ಅವಳು ಬಾಗಿಲೆಳೆದುಕೊಂಡು ಹೊರಬಂದಳು. ಪದವಿಗೆ ಅವರ ಸಹಿ ಬೇಕಿತ್ತು. ಸಹಿಯನ್ನು ಅವರು ಒಂದು ದಿನವೂ ತಡ ಮಾಡದೆ ಹಾಕಿಕೊಟ್ಟರು.

ವಡೋದರಾದ ಕಾಲೇಜೊಂದರ ಸಂದರ್ಶನದಲ್ಲಿ ಹಿರಿಯರೊಬ್ಬರು, ತಳಿ ಅದಲುಬದಲು ಮಾಡಿದ ವಿದ್ಯಾರ್ಥಿ ನೀವೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತುಂಗಾ ಹಳೆಯ ಸೀಸೆಯ ಫಲಿತಾಂಶವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಅವರು ತಾಳ್ಮೆಯಿಂದಲೇ ನೋಡಿದರು.

“ಈ ಸೀಸೆ ತೆರೆದದ್ದೂ ನೀವೇ ಅಲ್ಲವೇ?” ಎಂದರು.

ಕೆಲಸ ಸಿಗಲಿಲ್ಲ. ಅಹಮದಾಬಾದಿನಲ್ಲೇ ನವರಂಗಪುರದ ಕೋಚಿಂಗ್ ಕ್ಲಾಸಿನಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡತೊಡಗಿದಳು. ಮೈಟೋಕಾಂಡ್ರಿಯಾಕ್ಕೆ ಅಲ್ಲಿ ಅರ್ಧ ತರಗತಿಯಷ್ಟೇ ಸಮಯ.

ಮರುವರ್ಷ ತಮ್ಮ ಕೆಲಸವನ್ನು ತಾವೇ ತಿದ್ದಿಕೊಂಡ ಪ್ರಾಮಾಣಿಕತೆಗಾಗಿ ಕೃಷ್ಣರಾಜರಿಗೆ ಸನ್ಮಾನವಾಯಿತು. ಶಾಲು ಹೊದ್ದ ಅವರ ಚಿತ್ರವನ್ನು ಗಿರಿಜಾ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದರು. ಇಂಥವರು ಈಗೆಲ್ಲಿದ್ದಾರೆ ಎಂದು ಯಾರೋ ಬರೆದರು. ತುಂಗಾ ಅದನ್ನು ಓದಿದಳು. ಸೂರತ್‌ನಲ್ಲಿ ಒಂದು ಹುದ್ದೆಗೆ ಅರ್ಜಿ ಕರೆದಿದ್ದರು. ಗೈಡ್ ಬರೆದ ಶಿಫಾರಸು ಪತ್ರವಿಲ್ಲದೆ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ‘ಅಭಿನಂದನೆಗಳು ಸರ್’ ಎಂದು ಬರೆದು ಕಳಿಸಿದಳು.