ಪ್ರತೀಕ್ಷಾಳ ಅಪ್ಪ ಇಲ್ಲಿಗೆ ಬಂದದ್ದು ಏಕೆ?

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುವ ಲಕ್ಷ್ಮೀನಾರಾಯಣ ಅವರಿಗೆ ಶಾಲೆಯಿಂದ ಚೀಟಿ ಬಂದರೆ ಮೈ ಉರಿಯುತ್ತಿತ್ತು. ಟ್ರಿಪ್ಪಿಗೊಂದು, ತಲೆಹೇನಿಗೊಂದು. 2003ರ ಆ ವಾರ ಬಂದದ್ದು ಹೊಸ ಬಗೆಯದು. ‘ನಮ್ಮ ಊರಿನ ಜನ ಎಲ್ಲೆಲ್ಲಿಂದ ಬಂದರು’ ಎಂದು ಆರು ವಾರ ಪಾಠವಂತೆ. ಮಗಳು ಪ್ರತೀಕ್ಷಾ ಸೇರಬೇಕಾದರೆ ಅಪ್ಪ ಅಮ್ಮನ ಸಹಿ ಬೇಕಂತೆ.

“ನಮ್ಮ ವಿಷಯ ಅವಳಿಗೆ ಸ್ಕೂಲಲ್ಲಿ ಹೇಳ್ಕೊಡಬೇಕಾ? ಮನೇಲಿ ನಾವಿಲ್ವಾ? ಆ ಹೊತ್ತಲ್ಲಿ ನಾಲ್ಕು ಲೆಕ್ಕ ಮಾಡ್ಲಿ” ಎಂದು ಚೀಟಿಯನ್ನು ಫ್ರಿಜ್ ಮೇಲೆ ಎಸೆದರು.

ಕಾಫಿಗೆ ಬಂದಿದ್ದ ಚಂದ್ರಪ್ರಭಾ ಅದೇ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್. “ಮನೇಲಿ ಹೇಳ್ಕೊಟ್ಟಿದೀರಾ? ಹಾಗಾದ್ರೆ ನಾವು ಇಲ್ಲಿಗೆ ಯಾಕೆ ಬಂದ್ವಿ ಅಂತ ಅವಳನ್ನೇ ಕೇಳಿ” ಎಂದರು.

ಕೇಳಿದರು. ಒಂಬತ್ತು ವರ್ಷದ ಪ್ರತೀಕ್ಷಾ ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಬಿಕಾಸ್ ಡ್ಯಾಡಿ ಲೈಕ್ಸ್ ರೈನ್.”

“ಏನಂದೆ?”

“ತಾತನ ಹತ್ರ ಫೋನಲ್ಲಿ ಯು ಓನ್ಲಿ ಟಾಕ್ ಅಬೌಟ್ ರೈನ್.”

ಹೆಂಡತಿ ಅಂಬುಜಾ ಅಡುಗೆಮನೆಗೆ ಓಡಿದರು. ನಗು ಅಲ್ಲಿಂದಲೂ ಕೇಳಿಸಿತು.

“ಕ್ಲಾಸಲ್ಲೂ ಹೀಗೇ ಅಂದ್ಳು” ಎಂದರು ಚಂದ್ರಪ್ರಭಾ. “ಎಲ್ಲಾ ನಕ್ಕರು. ಆಮೇಲಿಂದ ಮಗು ಬಾಯೇ ಬಿಡ್ತಿಲ್ಲ. ಮೊದಲನೇ ಪಾಠ ಈ ಊರಿನ ರೇಷ್ಮೆ ಮಿಲ್ಲಿಂದು. ನಿಮಗೆ ರೇಷ್ಮೆ ಬಗ್ಗೆ ಏನು ಗೊತ್ತಿರತ್ತೆ ಬಿಡಿ.”

“ನನಗಾ? ನಾನು ಶಿಡ್ಲಘಟ್ಟದವನು ಕಣ್ರೀ. ನಮ್ಮಪ್ಪ ಮೂವತ್ತು ವರ್ಷ ಗೂಡು ಬೇಯಿಸಿ ನೂಲು ತೆಗೆದಿದಾರೆ.”

ಬೆಂದ ಗೂಡಿನ ನಾತ ಆಗೆಲ್ಲ ಲಕ್ಷ್ಮೀನಾರಾಯಣ ಅವರ ಅಂಗಿಗೂ ಅಂಟಿರುತ್ತಿತ್ತು. ಬೆಂಗಳೂರಿನ ಹಾಸ್ಟೆಲಿನಲ್ಲಿ ಹುಡುಗರು ಮೂಗು ಮುಚ್ಚಿಕೊಂಡು ಆಡಿಕೊಳ್ಳುತ್ತಿದ್ದರು. ಆ ನಾಚಿಕೆಯಿಂದಲೇ ಮಗಳಿಗೆ ಒಂದು ದಿನವೂ ಹೇಳಿರಲಿಲ್ಲ.

ಪ್ರತೀಕ್ಷಾ ಟಿವಿ ಆರಿಸಿದಳು. “ತಾತ ಮೇಡ್ ಸಿಲ್ಕ್? ಯು ನೆವರ್ ಟೋಲ್ಡ್ ಮಿ.”

ಚೀಟಿ ಕೆಳಗಿಳಿಯಿತು, ಸಹಿ ಬಿತ್ತು. ಶಾಲೆಯವರು ಕ್ಲಾಸಿಗೆ ಕರೆದು ಹತ್ತು ನಿಮಿಷ ಕೊಟ್ಟರೆ ಈ ಪುಣ್ಯಾತ್ಮ ಅಪ್ಪನ ರೇಷ್ಮೆ ಗೂಡಿನಿಂದ ಹಿಡಿದು ತಾನು ಔಷಧ ಕಾರ್ಖಾನೆಯ ಕೆಲಸಕ್ಕೆಂದು ಈ ಊರಿಗೆ ಬಂದದ್ದರವರೆಗೆ ನಲವತ್ತು ನಿಮಿಷ ಮಾತಾಡಿದರು. ಊಟದ ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ನಾತ ಬರುತ್ತಾ ಎಂದು ಒಬ್ಬ ಹುಡುಗ ಕೇಳಿದ. ತುಂಬಾ ಬರುತ್ತೆ ಎಂದು ಲಕ್ಷ್ಮೀನಾರಾಯಣ ನಕ್ಕುಬಿಟ್ಟರು. ಪ್ರತೀಕ್ಷಾ ಎದ್ದು ನಿಂತು, ಅದು ನಮ್ಮ ತಾತ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಶನಿವಾರ ಬೆಳಿಗ್ಗೆ ಊರಿಗೆ ಫೋನ್ ಮಾಡಿ “ಅಪ್ಪಾ, ಇಲ್ಲಿ ಮಳೆ…” ಎನ್ನುವಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡಳು.

“ತಾತಾ, ಗೂಡಿಂದ ನೂಲು ಹೇಗೆ ತೆಗೀತೀರಾ? ಹೇಳಿ.”

ಕನ್ನಡದಲ್ಲೇ ಕೇಳಿದಳು. ಆ ಕಡೆ ತಾತ “ಮೊದಲು ನೀರು ಕುದಿಸ್ಬೇಕು ಮಗಾ” ಎಂದು ಶುರುಮಾಡಿದರು.

ನಿಮ್ಮ ಫ್ರಿಜ್ ಮೇಲೂ ಇಂಥದೊಂದು ಚೀಟಿ ಬಿದ್ದಿರಬಹುದು. ಇಳಿಸಿ, ಸಹಿ ಹಾಕಿ. ಶಾಲೆಯವರು ಕರೆದರೆ ಹೋಗಿ ಮಾತಾಡಿ. ಅದಕ್ಕೂ ಮೊದಲು, ನಾವು ಇಲ್ಲಿಗೆ ಬಂದದ್ದು ಏಕೆ ಎಂದು ಇವತ್ತೇ ನಿಮ್ಮ ಮಗುವನ್ನು ಕೇಳಿ ನೋಡಿ. ಮಳೆಗಾಗಿ ಎಂದರೆ ಮಗುವನ್ನು ಬೈಯಬೇಡಿ, ಕೂತು ನಿಮ್ಮ ಕಥೆ ಹೇಳಿ.